ನಾಲ್ಕನೇ ಹಾಡಿನ ಚುಕ್ಕೆಗಳು

ಶಾರ್ಜಾದಿಂದ ಕಣ್ಣೂರಿಗೆ, ಕಣ್ಣೂರಿಂದ
ಮಾಕುಟ್ಟದ ಘಾಟಿ ಹತ್ತಿ
ಖರ್ಜೂರದ ಡಬ್ಬಿಯೊಳಗೆ ಬಂದಿತ್ತು ಆ ಕ್ಯಾಸೆಟ್.
ಕವರಿನ ಮೇಲೆ ಬ್ಯಾಂಡಿನ ಹೆಸರು ಅರ್ಧವಷ್ಟೇ;
ಉಳಿದರ್ಧ ಜೆರಾಕ್ಸಿನ ಮಸಿ ನುಂಗಿತ್ತು.

ವಿರಾಜಪೇಟೆ. ಗಡಿಯಾರ ಕಂಬದೆದುರು
ಮೊಯ್ದುವಿನ ರೇಡಿಯೋ ರಿಪೇರಿ ಅಂಗಡಿ.
ಶನಿವಾರ ಕಾಲೇಜು ಬಿಟ್ಟರೆ ನಾವು ನಾಲ್ವರೂ ಅಲ್ಲೇ,
ಬೆನ್ನು ಕಳಚಿದ ಟ್ರಾನ್ಸಿಸ್ಟರುಗಳ ನಡುವೆ.
ಕಾನ್ವೆಂಟಿನ ದುಂಡು ಅಕ್ಷರ ನನ್ನದೆಂದು
ನನಗೆ ಸಿಕ್ಕಿದ್ದು ಬರೆಯುವ ಕೆಲಸ:
ಕೇಳು, ನಿಲ್ಲಿಸು, ಹಿಂದೆ ಸುತ್ತು, ಬರಿ.
ಕೇಳಿಸದ ಕಡೆ ಚುಕ್ಕೆ ಇಡು.
ಅರ್ಥ ಹೇಳುವುದು ಅವರ ಪಾಲು.

ಏಳನೇ ಗೇಟಿನಲ್ಲಿ ಹಸಿರು ನಾಯಿ ಕಾದಿದೆ,
ಹೀಗಿತ್ತು ಎರಡನೇ ಹಾಡು.
ಹಸಿರೆಂದರೆ ಮಿಲಿಟರಿ, ಎಂದ ಅಚ್ಚಯ್ಯ;
ಅವನ ಚಿಕ್ಕಪ್ಪ ಎಪ್ಪತ್ತೊಂದರಲ್ಲಿ
ಬರೀ ಟ್ರಂಕಾಗಿ ಮನೆಗೆ ಬಂದವನು.
ಏಳೆಂದರೆ ಏಳು ಮುದ್ರೆ, ಲೋಕದ ಕೊನೆ, ಎಂದು
ಸಂತ ಅನ್ನಮ್ಮನ ಗಂಟೆಗೆ ಕಿವಿಗೊಡುತ್ತ ಇನಾಸ್.
ಕುಟ್ಟಪ್ಪನಿಗೆ ಎಲ್ಲವೂ ಗಾಂಜಾ:
ನಾಯಿ ಗಾಂಜಾ, ಗೇಟು ಗಾಂಜಾ.
ಒಮ್ಮೆಯೂ ಸೇದಿದವನಲ್ಲ.
ಅದು ನಾಯಿಯೇ ಇರಬಹುದು ಎಂದೆ ನಾನು.
ಯಾರೂ ಬರೆದುಕೊಳ್ಳಲಿಲ್ಲ; ಬರೆಯುವವಳು ನಾನೇ.

ತಿರುಗಾಮುರುಗಾ ಓಡಿಸಿದರೆ ಸೈತಾನ ಮಾತಾಡುತ್ತಾನೆಂದು
ಒಂದು ವಾರ ಗುಲ್ಲು.
ಮೊಯ್ದು ತಿರುಪು ಬಿಚ್ಚಿ ಸುರುಳಿ ಮಗುಚಿ ಹಾಕಿದ.
ಸೈತಾನ ಬರಲಿಲ್ಲ.
ಕುಟ್ಟಪ್ಪನಿಗೆ ಕೇಳಿಸಿದ್ದು ‘ಮನೆಕ್ ಬಾ’,
ಇನಾಸನಿಗೆ ಕೊಂಕಣಿಯಲ್ಲಿ ಅವನಜ್ಜಿಯ ಬೈಗುಳ.

ನಾಲ್ಕನೇ ಹಾಡಿನ ನಡುವೆ ಹನ್ನೊಂದು ಚುಕ್ಕೆ.

ಡಿಸೆಂಬರಿನ ಒಂದು ಮಧ್ಯಾಹ್ನ
ಕಣದ ತುಂಬ ಕಾಫಿ ಹಣ್ಣು ಹರಡಿರುವಾಗ
ಒಳಗೆ ಅಕ್ಕ ಹೆತ್ತಳು. ಗಂಡು.
ಅಪ್ಪ ಕೋವಿ ತಂದು ಆಕಾಶಕ್ಕೆ ಹೊಡೆದರು.
ಕಿತ್ತಳೆ ಮರದ ಹಕ್ಕಿಗಳೆಲ್ಲ ಎದ್ದು, ಮತ್ತೆ ಕೂತವು.
ಅಂದು ರಾತ್ರಿ ಚುಕ್ಕೆಗಳನ್ನು ರಬ್ಬರಿನಿಂದ ಉಜ್ಜಿ
ಆ ಜಾಗದಲ್ಲಿ ಇಂಗ್ಲಿಷಿನ ಒಂದು ಸಾಲು ಬರೆದೆ:
ನಾನು ಹುಟ್ಟಿದ ದಿನ ಯಾವ ಗುಂಡೂ ಹಾರಲಿಲ್ಲ.

ಎಂಥ ಸಾಲು! ಮೂವರೂ ಬೆಂಚಿನಿಂದೆದ್ದರು.
ಯುದ್ಧ ನಿಂತ ದಿನ ಹುಟ್ಟಿದವನಿರಬೇಕು ಹಾಡುಗಾರ,
ಎಂದ ಅಚ್ಚಯ್ಯನ ಕಣ್ಣು ಒದ್ದೆ.
ಇನಾಸ್ ಶಿಲುಬೆ ಗುರುತು ಹಾಕಿಕೊಂಡ.
ಕುಟ್ಟಪ್ಪ (ಅವನು ಹುಟ್ಟಿದಾಗ ಎರಡು ಹೊಡೆದಿದ್ದರಂತೆ,
ಎರಡನೆಯದು ಅಜ್ಜನ ಖುಷಿಗೆ)
ಗುಂಡೆಂದರೆ ಇಲ್ಲಿ ಗುಂಡಲ್ಲ, ರೂಪಕ, ಎಂದ.
ಮೂರು ವಾರ ನಡೆಯಿತು ಚರ್ಚೆ.
ಎಲ್ಲ ಬರೆದುಕೊಂಡೆ. ದುಂಡಗೆ.

ಇಂಗ್ಲಿಷು ಬಾರದ ಮೊಯ್ದು ಒಂದು ಸಂಜೆ
ಅಲ್ಲಿಗೇ ಮತ್ತೆ ಮತ್ತೆ ಸುತ್ತಿ, ಕೇಳಿ,
‘ಇವಿಡೆ ಆರೂ ಪಾಡುನ್ನಿಲ್ಲಲ್ಲೋ ಮೋಳೇ’ ಎಂದ.
ಹೌದು ಇಕ್ಕಾ, ಯಾರೂ ಹಾಡುತ್ತಿಲ್ಲ. ಬರೀ ತಂತಿ.
ಅವನ ಮಾತಿನಲ್ಲಿ, ನನಗೆ ಬಂದಷ್ಟರಲ್ಲಿ,
ಸಾಲಿನ ಅರ್ಥ ಹೇಳಿದೆ.
ಬೀಡಿ ಆರಿಸಿದ. ಸ್ವಲ್ಪ ಹೊತ್ತು ಸುಮ್ಮನಿದ್ದ.
ಆಮೇಲೆ ಬಾಗಿಲ ಬಳಿಯ ದೊಡ್ಡ ಸ್ಪೀಕರಿಗೆ
ಕರೆಂಟಿದ್ದ ವೈರನ್ನು ಒಮ್ಮೆ ತಾಗಿಸಿ ತೆಗೆದ.
ಢಂ.
ಗಡಿಯಾರ ಕಂಬದ ಪಾರಿವಾಳಗಳು ಚೆಲ್ಲಾಪಿಲ್ಲಿ;
ಬೇಕರಿಯವನು ಹೊರಬಂದು ಬೈದ.
‘ಟೆಸ್ಟಿಂಗ್’ ಎಂದ ಮೊಯ್ದು, ಅಷ್ಟೇ.

ಮೊನ್ನೆ ಗೋಣಿಕೊಪ್ಪದಲ್ಲಿ ಒಂದು ಮದುವೆ.
ನರೆತ ಮೀಸೆಯ ಕುಟ್ಟಪ್ಪ ಕಡಂಬುಟ್ಟು ಮುರಿಯುತ್ತ
ನನ್ನ ಸೊಸೆಗೆ ಅದೇ ಸಾಲು ಹೇಳುತ್ತಿದ್ದ:
ಆ ಕಾಲದಲ್ಲಿ ಹೀಗೆ ಬರೆಯುತ್ತಿದ್ದರು,
ಒಳಗುಟ್ಟು ಸುಲಭಕ್ಕೆ ಸಿಗದು,
ದೇಚು, ನೀನೂ ಇದ್ದೆಯಲ್ಲ, ಕೇಳು,
ಎಂದು ನನಗೂ ಮೊದಲಿಂದ ವಿವರಿಸತೊಡಗಿದ.
ಹೊರಗೆ ಬಾಳೆ ಕಡಿದ ಗದ್ದಲದಲ್ಲಿ
ಯಾರೋ ಗುಂಡು ಹಾರಿಸಿದರು.
ಸದ್ದು ಅಡಗುವ ತನಕ ತಡೆದು,
ಎಲ್ಲಿದ್ದೆ ನಾನು? ಎಂದ.

ರೂಪಕದಲ್ಲಿ, ಎಂದೆ.